ಡಿಯೆನ್ ಬಿಯೆನ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಯೆಟ್ನಾಂಗೆ ಹೋಗಿ ಬಂದೆ ಅಂದ ತಕ್ಷಣ ಎಲ್ಲರೂ ಹಾ ಲಾಂಗ್ ಕೊಲ್ಲಿಯ ಫೋಟೊ ತೋರಿಸು ಅಂದರು. ನನ್ನ ಫೋನಿನಲ್ಲಿ ಇದ್ದದ್ದು ಭತ್ತದ ಗದ್ದೆ, ಗುಡ್ಡದ ಮೇಲೆ ನಿಂತ ಹಳೇ ಟ್ಯಾಂಕ್, ಕಂಬದ ಮೇಲೆ ಕಟ್ಟಿದ ಮರದ ಮನೆ. "ಇದ್ಯಾವ ಊರು ಮಾರಾಯ?" ಅನ್ನುವಲ್ಲಿಂದ ಪ್ರಶ್ನೆಗಳು ಶುರುವಾದವು. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಇದು ಎಲ್ಲಿದೆ?

ವಿಯೆಟ್ನಾಂನ ವಾಯವ್ಯ ಮೂಲೆಯಲ್ಲಿ. ಪಶ್ಚಿಮಕ್ಕೆ ಲಾವೋಸ್, ಉತ್ತರಕ್ಕೆ ಚೀನಾದ ಯುನ್ನಾನ್. ಪ್ರಾಂತ್ಯದ ಹೆಸರು ಡಿಯೆನ್ ಬಿಯೆನ್, ಮುಖ್ಯ ಊರು ಡಿಯೆನ್ ಬಿಯೆನ್ ಫು. ಮೊದಲು ಇದೆಲ್ಲ ಲಾಯ್ ಚಾವ್ ಪ್ರಾಂತ್ಯವೇ ಆಗಿತ್ತು, 2004ರಲ್ಲಿ ಬೇರೆಯಾಯಿತು. ಡಿಯೆನ್ ಬಿಯೆನ್ ಅನ್ನುವುದು 1841ರಲ್ಲಿ ವಿಯೆಟ್ನಾಂನ ಥಿಯು ತ್ರಿ ದೊರೆ ಇಟ್ಟ ಹೆಸರು. ಅರ್ಥ ಹೆಚ್ಚುಕಮ್ಮಿ "ಗಟ್ಟಿಯಾದ ಗಡಿ". ದೊರೆಗೆ ಆಗಲೇ ಗಡಿಯ ಚಿಂತೆ ಇತ್ತು ಅನ್ನಿ.

ಪ್ರಾಂತ್ಯ ತುಂಬ ಬೆಟ್ಟ. ನಡುವೆ ಒಂದೇ ಒಂದು ದೊಡ್ಡ ಬಯಲು, ಮುವಾಂಗ್ ಥಾನ್. ಸುಮಾರು 20 ಕಿ.ಮೀ. ಉದ್ದ, ಬಟ್ಟಲಿನ ತಳದ ಹಾಗೆ ಚಪ್ಪಟೆ, ನಟ್ಟನಡುವೆ ನಾಮ್ ರೊಮ್ ಹೊಳೆ. ವಾಯವ್ಯದ ನಾಲ್ಕು ದೊಡ್ಡ ಗದ್ದೆಬಯಲುಗಳನ್ನು ಅಲ್ಲಿನವರು ಗಾದೆಯಲ್ಲಿ ಎಣಿಸುವಾಗ ಮೊದಲು ಬರುವುದು ಇದೇ. ಊರು ಇರುವುದು ಈ ಗದ್ದೆಯಿಂದ, ಯುದ್ಧ ಆಗಿದ್ದೂ ಈ ಗದ್ದೆಯಲ್ಲೇ.

ಅಲ್ಲಿ ಅಂಥದ್ದೇನು ನಡೆಯಿತು? ಅಮೆರಿಕದ ಯುದ್ಧವಾ?

ಅಲ್ಲ. ಇದು ಅದಕ್ಕೂ ಹಿಂದಿನದು, ಫ್ರಾನ್ಸ್ ಜೊತೆಗಿನದು. 1953ರ ನವೆಂಬರ್ 20ರಂದು ಫ್ರೆಂಚರು ಪ್ಯಾರಾಚೂಟಿನಲ್ಲಿ ಈ ಬಯಲಿಗೆ ಇಳಿದರು. ಲೆಕ್ಕಾಚಾರ ಇಷ್ಟೇ: ಇಲ್ಲೊಂದು ಕೋಟೆ ಮಾಡೋಣ, ಲಾವೋಸ್ ಕಡೆಗೆ ಹೋಗುವ ದಾರಿ ಮುಚ್ಚೋಣ, ಸಾಮಾನೆಲ್ಲ ವಿಮಾನದಲ್ಲಿ ತರಿಸೋಣ. ಸುತ್ತಲಿನ ಬೆಟ್ಟಗಳಿಗೆ ದೊಡ್ಡ ಫಿರಂಗಿ ಹತ್ತಿಸುವುದು ಯಾರಿಂದಲೂ ಆಗದ ಕೆಲಸ ಅಂತ ಅವರ ನಂಬಿಕೆ.

ವಿಯೆಟ್ನಾಮಿನವರು ಹತ್ತಿಸಿದರು. ಫಿರಂಗಿಗೆ ಹಗ್ಗ ಕಟ್ಟಿ, ಕೈಯಲ್ಲಿ ಎಳೆದು. ಅಕ್ಕಿ ಬಂದದ್ದು ಸೈಕಲ್ಲಿನ ಮೇಲೆ. ಹ್ಯಾಂಡಲ್ಲಿಗೆ ಬಿದಿರಿನ ಕೋಲು ಕಟ್ಟಿ, ಸೈಕಲ್ ತುಳಿಯದೆ ತಳ್ಳಿಕೊಂಡು ಹೋಗುತ್ತಿದ್ದರು. ಒಂದೊಂದರ ಮೇಲೆ 200 ಕಿಲೋಗೂ ಜಾಸ್ತಿ ಭಾರ. ಸಾಮಾನು ಹೊತ್ತ ಜನ ಎರಡೂವರೆ ಲಕ್ಷದ ಮೇಲಿದ್ದರು.

ನನಗೆ ಈ ಕಥೆಯಲ್ಲಿ ತುಂಬ ಹಿಡಿಸುವ ದಿನ 1954ರ ಜನವರಿ 26. ಫಿರಂಗಿಗಳೆಲ್ಲ ಬೆಟ್ಟ ಹತ್ತಿ ಕೂತಿವೆ, ದಾಳಿ ಇನ್ನೇನು ಶುರು. ಆಗ ಜನರಲ್ ವೊ ಗುಯೆನ್ ಗಿಯಾಪ್ "ಬೇಡ, ವಾಪಸ್ ಎಳೆಯಿರಿ" ಅಂದರು. ಬೇಗ ಹೊಡೆದು ಬೇಗ ಗೆಲ್ಲುವ ಯೋಜನೆ ಬಿಟ್ಟು, ನಿಧಾನಕ್ಕೆ ಒತ್ತುತ್ತಾ ಹೋಗೋಣ ಅಂತ ತೀರ್ಮಾನ. ಎಳೆದವರ ಕೈಯ ಗುಳ್ಳೆ ಇನ್ನೂ ಒಣಗಿರಲಿಲ್ಲವೇನೋ! ಇನ್ನೂ ಒಂದೂವರೆ ತಿಂಗಳು ತಯಾರಿ ನಡೆಸಿ ಮಾರ್ಚ್ 13ಕ್ಕೆ ದಾಳಿ ಶುರು ಮಾಡಿದರು. ಎರಡು ದಿನ ಕಳೆಯುವಷ್ಟರಲ್ಲಿ ಫ್ರೆಂಚ್ ಫಿರಂಗಿ ಪಡೆಯ ಮುಖ್ಯಸ್ಥ ಕರ್ನಲ್ ಪಿರೋತ್ ತನ್ನ ಲೆಕ್ಕ ತಪ್ಪಿತೆಂದು ಗ್ರೆನೇಡ್ ಹಿಡಿದು ಪ್ರಾಣ ಬಿಟ್ಟ. ತಿಂಗಳ ಕೊನೆಗೆ ವಿಮಾನ ಇಳಿಯುವುದೂ ನಿಂತಿತು. ಒಟ್ಟು 56 ದಿನಗಳ ಕಾದಾಟ ಮುಗಿದು, ಮೇ 7ರಂದು ಫ್ರೆಂಚ್ ದಂಡನಾಯಕ ದ ಕಾಸ್ತ್ರಿ ತನ್ನ ಬಂಕರಿನಲ್ಲೇ ಸೆರೆಯಾದ. ಹತ್ತು ಸಾವಿರಕ್ಕೂ ಹೆಚ್ಚು ಜನ ಸೆರೆ ಸಿಕ್ಕರು. ಅವರಲ್ಲಿ ಅರ್ಧದಷ್ಟೂ ಮಂದಿ ಮನೆಗೆ ಮರಳಲಿಲ್ಲ.

"ಫ್ರೆಂಚ್ ಸೈನ್ಯ" ಅಂದರೆ ಬರೀ ಫ್ರೆಂಚರಲ್ಲ. ಮೊರಾಕೊ, ಆಲ್ಜೀರಿಯಾದವರು, ಫ್ರಾನ್ಸ್ ಪರ ಹೋರಾಡುವ ವಿದೇಶಿಯರ ದಳದಲ್ಲಿದ್ದ ಜರ್ಮನ್ನರು, ವಿಯೆಟ್ನಾಮಿನ ಪ್ಯಾರಾ ಸೈನಿಕರು ಎಲ್ಲ ಇದ್ದರು. ಇದೇ ಬೆಟ್ಟಗಳ ಥಾಯ್ ಜನರ ಪಡೆಗಳೂ ಇದ್ದವು. ಬೆಟ್ಟದ ಜನ ಎರಡೂ ಕಡೆ ಹೋರಾಡಿದರು. ಅಲ್ಲಿನ ಫಲಕಗಳು ಒಂದು ಕಡೆಯ ಕಥೆಯನ್ನಷ್ಟೇ ಹೇಳುತ್ತವೆ. ಗೆದ್ದವರ ಊರಲ್ಲಿ ಅದು ಸಹಜವೇ. ನೋಡುವಾಗ ಇನ್ನೊಂದು ಕಡೆಯೂ ನೆನಪಿರಲಿ ಅಷ್ಟೆ.

ಗುಡ್ಡಗಳ ಹೆಸರು ತಲೆ ಕೆಡಿಸುತ್ತದೆ. ಏನಿದು ಎ1, ಎಲಿಯಾನ್, ಹಿಮ್ ಲಾಮ್?

ಒಂದೇ ಗುಡ್ಡಕ್ಕೆ ಎರಡೆರಡು ಹೆಸರು. ಫ್ರೆಂಚರು ಎಲ್ಲದಕ್ಕೂ ಹೆಂಗಸರ ಹೆಸರಿಟ್ಟಿದ್ದರು: ಆನ್-ಮಾರಿ, ಬೆಯಾತ್ರಿಸ್, ಕ್ಲೋದಿನ್... ಇವೆಲ್ಲ ದಂಡನಾಯಕನ ಗೆಳತಿಯರ ಹೆಸರು ಅನ್ನುವ ಗಾಳಿಮಾತು ಇವತ್ತಿಗೂ ಓಡಾಡುತ್ತದೆ. ಸಾಲಾಗಿ ನೋಡಿದರೆ ಇಂಗ್ಲಿಷ್ ಅಕ್ಷರಮಾಲೆಯಂತೆ ಎ, ಬಿ, ಸಿ ಅಂತ ಬರುತ್ತವೆ, ಅಷ್ಟೆ. ವಿಯೆಟ್ನಾಮಿನವರ ಎ1 ಫ್ರೆಂಚರಿಗೆ ಎಲಿಯಾನ್-2. ಬೆಯಾತ್ರಿಸ್ ಅಂದರೆ ಹಿಮ್ ಲಾಮ್, ಗಾಬ್ರಿಯೆಲ್ ಅಂದರೆ ದೊಕ್ ಲಾಪ್. ಇಷ್ಟು ಗೊತ್ತಿದ್ದರೆ ಸಾಕು.

ಯಾವ ಜಾಗ ಬಿಡಬಾರದು?

ಎ1 ಗುಡ್ಡ. ಊರ ಮಧ್ಯದಲ್ಲೇ ಇದೆ. ನೋಡಿದಾಗ "ಇದೇನಾ?" ಅನಿಸುತ್ತದೆ, ನಮ್ಮ ಕಡೆಯ ದಿಬ್ಬದಷ್ಟೇ ಎತ್ತರ. ಈ ದಿಬ್ಬಕ್ಕಾಗಿ 39 ದಿನ ಹೊಡೆದಾಡಿದರು. ಕೊನೆಗೆ ವಿಯೆಟ್ನಾಮಿನವರು ಗುಡ್ಡದ ಹೊಟ್ಟೆಗೆ ಸುರಂಗ ತೋಡಿ, ಸುಮಾರು ಒಂದು ಟನ್ ಸಿಡಿಮದ್ದು ತುಂಬಿ, ಮೇ 6ರ ರಾತ್ರಿ ಸಿಡಿಸಿದರು. ಆ ಗುಂಡಿ ಇವತ್ತಿಗೂ ಇದೆ, ಬಾಯಿ ತೆರೆದ ಹಾಗೆ. ಮೇಲೆ ಬಾಝೆಯ್ ಅನ್ನುವ ಹೆಸರಿನ ಫ್ರೆಂಚ್ ಟ್ಯಾಂಕ್ ನಿಂತಿದೆ. ಅಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ತಲೆಯೆತ್ತಿ ಸುತ್ತ ನೋಡಿ. ಎಲ್ಲ ದಿಕ್ಕಿಗೂ ಬೆಟ್ಟ, ಬೆಟ್ಟದ ಹಿಂದೆ ಬೆಟ್ಟ. ಕೆಳಗಿದ್ದವರ ಪಾಡು ಏನಾಗಿರಬಹುದು ಅಂತ ಯಾವ ಗೈಡೂ ಹೇಳಬೇಕಾಗಿಲ್ಲ.

ಎದುರಿಗೇ ವಿಯೆಟ್ನಾಮಿನ ಸೈನಿಕರ ಎ1 ಸ್ಮಶಾನ. 644 ಸಮಾಧಿಗಳಲ್ಲಿ ಹೆಸರಿರುವುದು ನಾಲ್ಕಕ್ಕೆ ಮಾತ್ರ. ಆ ನಾಲ್ವರಲ್ಲಿ ಒಬ್ಬ ತೊ ವಿನ್ ಡಿಯೆನ್, ಜಾರುತ್ತಿದ್ದ ಫಿರಂಗಿಯನ್ನು ನಿಲ್ಲಿಸಲು ಚಕ್ರಕ್ಕೆ ತಾನೇ ಅಡ್ಡ ಬಿದ್ದವನು. ಇನ್ನೊಬ್ಬ ಫಾನ್ ದಿನ್ ಜೊತ್, ಬಂಕರಿನ ಕಿಂಡಿಯನ್ನು ಮೈಯಿಂದ ಮುಚ್ಚಿದವನು. ಉಳಿದ ಕಲ್ಲುಗಳ ಮೇಲೆ ಏನೂ ಇಲ್ಲ. ನಾನು ಹೋದ ಬೆಳಿಗ್ಗೆ ಒಬ್ಬ ಅಜ್ಜಿ ಸಾಲು ಹಿಡಿದು ಪ್ರತಿ ಸಮಾಧಿಗೂ ಒಂದೊಂದು ಊದುಬತ್ತಿ ಸಿಕ್ಕಿಸುತ್ತಿದ್ದರು. ಯಾವುದು ತಮ್ಮವರದು ಅಂತ ಗೊತ್ತಿಲ್ಲದಿದ್ದರೆ ಎಲ್ಲದಕ್ಕೂ ಹಚ್ಚಬೇಕಲ್ವಾ.

ಮ್ಯೂಸಿಯಂ ಪಕ್ಕದಲ್ಲೇ ಇದೆ, ಸೈನಿಕರ ಟೋಪಿಯ ಆಕಾರದ ಕಟ್ಟಡ. ಒಳಗೆ ಗುಂಡಗೆ ಸುತ್ತುವರಿದ ಒಂದೇ ಚಿತ್ರ: 132 ಮೀಟರ್ ಉದ್ದ, 20 ಮೀಟರಿಗೂ ಎತ್ತರ, ಅದರಲ್ಲಿ 4,500ಕ್ಕೂ ಹೆಚ್ಚು ಮನುಷ್ಯರು. ಪ್ರಚಾರದ ಧಾಟಿ ಇದೆ, ಆದರೂ ನೋಡಲೇಬೇಕು. ದ ಕಾಸ್ತ್ರಿ ಬಂಕರ್, ಮುವಾಂಗ್ ಥಾನ್ ಸೇತುವೆ, ಡಿ1 ಗುಡ್ಡದ ಕಂಚಿನ ಪ್ರತಿಮೆ ಎಲ್ಲ ಅರ್ಧ ದಿನದಲ್ಲಿ ಮುಗಿಯುತ್ತವೆ.

ಮುವಾಂಗ್ ಫಾಂಗ್ ದೂರ ಅಂತಾರೆ. ಹೋಗಲೇಬೇಕಾ?

ಹೋಗಿ. ಗಿಯಾಪ್ ಕೂತು ಯುದ್ಧ ನಡೆಸಿದ ಕಾಡು ಅದು, ಊರಿನಿಂದ ಗಾಡಿಯಲ್ಲಿ ಸುಮಾರು ಒಂದು ಗಂಟೆ. ಹುಲ್ಲಿನ ಗುಡಿಸಲು, ಬಿದಿರಿನ ಮಂಚ, ಬೆಟ್ಟ ಕೊರೆದ ಸುರಂಗ. ಗುಡಿಸಲುಗಳು ಈಗ ಹೊಸದಾಗಿ ಕಟ್ಟಿದವು, ಜಾಗ ಮಾತ್ರ ಅದೇ. ದಾರಿಯಲ್ಲಿ ಪಾ ಖೊವಾಂಗ್ ಕೆರೆ ಸಿಗುತ್ತದೆ. ಹಿಂತಿರುಗುವಾಗ ಚೆ ಕಾನ್ ಹಳ್ಳಿಯಲ್ಲಿ ಊಟ ಮಾಡಿದರೆ ದಿನ ಸಾರ್ಥಕ.

ಭಾರತಕ್ಕೂ ಇದಕ್ಕೂ ಏನಾದರೂ ನಂಟಿದೆಯಾ?

ಇದೆ. ಕೋಟೆ ಬಿದ್ದ ಮರುದಿನವೇ, ಮೇ 8ಕ್ಕೆ, ಜಿನೀವಾದಲ್ಲಿ ಇಂಡೋಚೈನಾ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಮಾತುಕತೆ ಶುರುವಾಯಿತು. ಜುಲೈಯಲ್ಲಿ ಒಪ್ಪಂದ ಆಯಿತು. ಅದನ್ನು ನೋಡಿಕೊಳ್ಳಲು ಒಂದು ಅಂತರರಾಷ್ಟ್ರೀಯ ಆಯೋಗ ಮಾಡಿದರು. ಸದಸ್ಯರು ಕೆನಡಾ, ಪೋಲೆಂಡ್, ಭಾರತ. ಅಧ್ಯಕ್ಷ ಸ್ಥಾನ ಭಾರತಕ್ಕೆ. ಅದೇ ಅಕ್ಟೋಬರಿನಲ್ಲಿ ನೆಹರು ಹನೋಯ್‌ಗೆ ಹೋಗಿದ್ದರು. "ಆನ್ ದೊ" ಅಂದರೆ ಭಾರತ. ಎಲ್ಲಿಂದ ಬಂದಿರಿ ಅಂತ ಕೇಳಿದಾಗ ಹೇಳಿ, ವಯಸ್ಸಾದವರ ಮುಖ ಅರಳುತ್ತದೆ.

ಅಲ್ಲಿನ ಥಾಯ್ ಜನ ಥಾಯ್ಲೆಂಡಿನಿಂದ ಬಂದವರಾ?

ಇಲ್ಲ, ದೂರದ ದಾಯಾದಿಗಳು ಅನ್ನಬಹುದು. ಒಂದೇ ಭಾಷಾ ಕುಟುಂಬ. ಊರ ಹೆಸರುಗಳಲ್ಲೇ ಅದು ಗೊತ್ತಾಗುತ್ತದೆ: "ಮುವಾಂಗ್" ಅಂದರೆ ಸೀಮೆ, "ಬಾನ್" ಅಂದರೆ ಹಳ್ಳಿ, "ನಾಮ್" ಅಂದರೆ ನೀರು, "ನಾ" ಅಂದರೆ ಗದ್ದೆ. ಲಾವೋಸ್‌ನಲ್ಲೂ ಥಾಯ್ಲೆಂಡಿನಲ್ಲೂ ಇವೇ ಮಾತುಗಳು.

ಇನ್ನೂ ಸ್ವಾರಸ್ಯ ಅಂದರೆ, ಲಾವೋ ಜನರ ಹುಟ್ಟಿನ ಕಥೆ ಶುರುವಾಗುವುದೇ ಈ ಬಯಲಿನಿಂದ. ಒಂದು ದೈತ್ಯ ಸೋರೆಕಾಯಿ, ಒಳಗೆ ಜನರ ಗದ್ದಲ. ಕಾದ ಕಬ್ಬಿಣದಿಂದ ತೂತು ಮಾಡಿದಾಗ ಮೊದಲು ಖ್ಮು ಜನ ಹೊರಬಂದರಂತೆ, ಮಸಿ ಮೆತ್ತಿಕೊಂಡು. ಆಮೇಲೆ ಅಗಲವಾಗಿ ಕೊರೆದಾಗ ಉಳಿದವರು ಬಂದರಂತೆ, ಅದಕ್ಕೇ ಅವರು ಬೆಳ್ಳಗೆ. ಕಥೆ ಹೇಳಿದವರು ಯಾರು ಅಂತ ಇದರಿಂದಲೇ ಊಹಿಸಬಹುದು! ಆದರೆ ಖ್ಮು ಜನ ಇಲ್ಲಿಗೆ ಮೊದಲು ಬಂದವರು ಅನ್ನುವುದನ್ನು ಆ ಕಥೆಯೂ ಒಪ್ಪಿಕೊಳ್ಳುತ್ತದೆ.

ಪ್ರಾಂತ್ಯದಲ್ಲಿ 19 ಜನಾಂಗಗಳಿವೆ. ಥಾಯ್ ಮತ್ತು ಹ್ಮಾಂಗ್ ಜನ ಜಾಸ್ತಿ. ವಿಯೆಟ್ನಾಂ ತುಂಬ ಬಹುಸಂಖ್ಯಾತರಾದ ಕಿನ್ ಜನ ಇಲ್ಲಿ ಐದರಲ್ಲಿ ಒಬ್ಬರೂ ಇಲ್ಲ. ಬಯಲಲ್ಲಿ ಕಪ್ಪು ಥಾಯ್, ಉತ್ತರದ ಮುವಾಂಗ್ ಲಾಯ್ ಕಡೆ ಬಿಳಿ ಥಾಯ್. ಈ ಕಪ್ಪು-ಬಿಳುಪು ಮೈಬಣ್ಣದ್ದಲ್ಲ, ಹೆಂಗಸರ ರವಿಕೆಯ ಬಣ್ಣದಿಂದ ಬಂತು ಅಂತ ಹೇಳುತ್ತಾರೆ. ಕಪ್ಪು ಥಾಯ್ ಹೆಣ್ಣು ಮದುವೆಯಾದರೆ ಕೂದಲನ್ನು ನೆತ್ತಿಯ ಮೇಲೆ ತುರುಬು ಕಟ್ಟುತ್ತಾಳೆ. ಅದಕ್ಕೆ "ತಾಂಗ್ ಕಾವ್" ಅಂತ ಹೆಸರು. ನಮ್ಮಲ್ಲಿ ತಾಳಿ ನೋಡಿ ತಿಳಿಯುವ ಹಾಗೆ ಅಲ್ಲಿ ತುರುಬು ನೋಡಿ ತಿಳಿಯುತ್ತಾರೆ.

ಕುಣಿತ ನೋಡಲು ಸಿಗುತ್ತದಾ?

ಥಾಯ್ ಜನರ ಹೆಸರುವಾಸಿ ಕುಣಿತ "ಸ್ವೆ". ಕೈ ಕೈ ಹಿಡಿದು ವೃತ್ತದಲ್ಲಿ ಸುತ್ತುವುದು. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ವೇದಿಕೆಯ ಮೇಲಿನದು ಚೆನ್ನಾಗಿರುತ್ತದೆ, ಆದರೆ ಮನೆಯ ಅಂಗಳದಲ್ಲಿ ಊಟ ಆದಮೇಲೆ ನಿಮ್ಮನ್ನೂ ಎಳೆದುಕೊಂಡು ಸುತ್ತುತ್ತಾರಲ್ಲ, ಅದೇ ನಿಜವಾದ ಸ್ವೆ. ಬರುವುದಿಲ್ಲ ಅಂತ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕಲಿಯಲು ಎರಡು ನಿಮಿಷ ಸಾಕು.

ಹಳ್ಳಿಮನೆಯಲ್ಲಿ ಉಳಿಯಬಹುದಾ? ಏನು ಗಮನಿಸಬೇಕು?

ಉಳಿಯಬೇಕು. ಬಾನ್ ಮೆನ್ ಊರಿಗೆ ಹತ್ತಿರ, ಚೆ ಕಾನ್ ಕಾಡಿಗೆ ಹತ್ತಿರ. ಮನೆ ಕಂಬಗಳ ಮೇಲೆ, ಕೆಳಗೆ ಕೋಳಿ, ಬೈಕು. ಮೇಲೆ ಬಿದಿರು ಅಥವಾ ಮರದ ನೆಲ, ಹಾಸಿಗೆ ನೆಲದ ಮೇಲೆ, ಸೊಳ್ಳೆಪರದೆ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಿ. ಹಿರಿಯರ ಪೂಜೆಯ ಮೂಲೆಯ ಹತ್ತಿರ ಒದ್ದೆ ಬಟ್ಟೆ ಹರವಬೇಡಿ. ಇದನ್ನು ನಮಗೆ ಹೇಳಿಕೊಡಬೇಕಾಗಿಲ್ಲ, ಆದರೂ ನಾನು ಟವೆಲ್ ಹಾಕಿಬಿಟ್ಟಿದ್ದೆ. ಮನೆಯಾಕೆ ಏನೂ ಅನ್ನದೆ ತೆಗೆದು ಹೊರಗೆ ಹಾಕಿದರು. ನಾಚಿಕೆಯಾಯಿತು.

ಅಕ್ಕಿಯ ಸಾರಾಯಿ ಕೊಡುತ್ತಾರೆ. ಕುಡಿದ ಮೇಲೆ ಕೈ ಕುಲುಕುವುದು ಅಲ್ಲಿನ ಪದ್ಧತಿ. ಕುಡಿಯದವರು ಮೊದಲ ಸುತ್ತಿಗೇ ನಗುತ್ತಾ ಬೇಡ ಅನ್ನಿ. ಎರಡನೇ ಸುತ್ತಿಗೆ ಬೇಡ ಅಂದರೆ ಯಾರೂ ನಂಬುವುದಿಲ್ಲ.

ಊಟ ಹೇಗೆ?

ಅಂಟು ಅಕ್ಕಿಯ ಅನ್ನ, ಬಿದಿರಿನ ಪುಟ್ಟಿಯಲ್ಲಿ ಬರುತ್ತದೆ. ಕೈಯಲ್ಲಿ ಉಂಡೆ ಮಾಡಿ ತಿನ್ನುವುದು. ಮುದ್ದೆ ತಿಂದು ಬೆಳೆದವರಿಗೆ ಚಾಪ್‌ಸ್ಟಿಕ್ಕಿನ ಕಾಟ ಇಲ್ಲ. ಪಾ ಪಿನ್ ತೊಪ್ ಅಂದರೆ ಮೀನಿನ ಹೊಟ್ಟೆಗೆ ಸೊಪ್ಪು-ಮಸಾಲೆ ತುಂಬಿ, ಮಡಿಚಿ, ಬಿದಿರಿನ ಸೀಳಿಗೆ ಸಿಕ್ಕಿಸಿ ಕೆಂಡದ ಮೇಲೆ ಸುಟ್ಟದ್ದು. ಒಲೆಯ ಮೇಲೆ ತಿಂಗಳುಗಟ್ಟಲೆ ಹೊಗೆಗೆ ಒಣಗಿಸಿದ ಎಮ್ಮೆ ಮಾಂಸವೂ ಹೆಸರುವಾಸಿ. ನನ್ನ ಹಲ್ಲಿಗೆ ಅದು ಸರಿಹೋಗಲಿಲ್ಲ.

ಎಲ್ಲದರ ಜೊತೆಗೂ ಚಾಮ್ ಚೆವ್ ಅನ್ನುವ ಚಟ್ನಿ. ಅದರ ಜೀವ "ಮಾಕ್ ಖೆನ್" ಅನ್ನುವ ಕಾಡುಕಾಯಿ. ಬಾಯಿಗೆ ಇಟ್ಟ ತಕ್ಷಣ ನನಗೆ ಎಲ್ಲೋ ತಿಂದ ರುಚಿ ಅನಿಸಿತು. ಕರಾವಳಿಯ ಓದುಗರೇ, ಅದು ನಮ್ಮ ಜುಮ್ಮನಕಾಯಿಯೇ! ಕೊಂಕಣಿಯವರು ತೆಪ್ಪಲ್ ಅಂತ ಬಂಗುಡೆ ಸಾರಿಗೆ ಹಾಕುತ್ತಾರಲ್ಲ, ಅದೇ ಮರ. ನಾವು ಮೀನಿಗೆ ಇಡಿಯಾಗಿ ಹಾಕಿದರೆ ಅವರು ಹುರಿದು ಪುಡಿ ಮಾಡುತ್ತಾರೆ. ಇನ್ನೊಂದು ವಿಷಯ: ಮುವಾಂಗ್ ಆಂಗ್ ಕಡೆ ಅರೇಬಿಕಾ ಕಾಫಿ ಬೆಳೆಯುತ್ತಾರೆ. ಕೊಡಗು, ಚಿಕ್ಕಮಗಳೂರಿನವರು ಕುಡಿದು ತೀರ್ಪು ಹೇಳಿ.

ನಾನು ಸಸ್ಯಾಹಾರಿ. ಉಪವಾಸವೇ ಗತಿಯಾ?

ಇಲ್ಲ, ಆದರೆ ಹೇಳಿ ಮಾಡಿಸಿಕೊಳ್ಳಬೇಕು. "ತೊಯ್ ಆನ್ ಚಾಯ್" ಅಂದರೆ "ನಾನು ಸಸ್ಯಾಹಾರಿ". ಟೀ ಕೇಳಿದ ಹಾಗೆ ಕೇಳಿಸುತ್ತದೆ, ಇರಲಿ. ಅವರ ಪ್ರಕಾರ ಮೀನಿನ ಸಾಸ್ ಉಪ್ಪಿಗೆ ಸಮಾನ, ಹಾಗಾಗಿ "ಖೊಂಗ್ ನ್ವೊಕ್ ಮಾಮ್" ಅಂತ ಬೇರೆಯಾಗಿ ಹೇಳಿ. ತೋಫು, ಬೆಂದ ಸೊಪ್ಪು, ಬಿದಿರಿನ ಕಳಲೆ, ಎಳ್ಳುಪುಡಿ, ಬಣ್ಣದ ಅಂಟು ಅನ್ನ ಸಿಗುತ್ತದೆ. ಜೊತೆಗಿದ್ದ ನನ್ನ ಗೆಳೆಯ ನಾಲ್ಕು ದಿನ ಕಡ್ಲೆಬೀಜ ಮತ್ತು ಬಾಳೆಹಣ್ಣಿನ ಆಸರೆಯಲ್ಲೂ ಬದುಕಿದ. ಚಟ್ನಿಪುಡಿ ಒಯ್ಯಿರಿ.

ಯಾವಾಗ ಹೋಗಬೇಕು?

ಮಾರ್ಚ್. ಹೊವಾ ಬಾನ್ ಹೂವು ಆಗ ಬೆಟ್ಟ ತುಂಬ ಬೆಳ್ಳಗೆ ಅರಳುತ್ತದೆ, ಹೂವಿನ ಹೆಸರಲ್ಲೇ ಹಬ್ಬ ನಡೆಯುತ್ತದೆ. ನಮ್ಮ ಮಂದಾರದ ಜಾತಿ, ಎಲೆ ದನದ ಗೊರಸಿನ ಹಾಗೆ. ಅಲ್ಲಿ ಹೂವನ್ನು ಕೋಸಂಬರಿಯ ಹಾಗೆ ಮಾಡಿ ತಿನ್ನುತ್ತಾರೆ. ಅಕ್ಟೋಬರಿನಿಂದ ಡಿಸೆಂಬರ್ ಕೂಡ ಒಳ್ಳೆಯದು, ಬೆಳಿಗ್ಗೆ ಸ್ವೆಟರ್ ಬೇಕು. ಜೂನ್‌ನಿಂದ ಆಗಸ್ಟ್ ಬೇಡ. ಮಳೆಗೆ ಗುಡ್ಡ ಕುಸಿಯುತ್ತದೆ, ರಸ್ತೆ ಮುಚ್ಚುತ್ತದೆ. ಮೇ 7ರ ಆಸುಪಾಸು ರೂಮ್ ಸಿಗುವುದು ಕಷ್ಟ, ಟೆಟ್ ಅನ್ನುವ ಅವರ ಹೊಸ ವರ್ಷದ ಹಬ್ಬದಲ್ಲಿ ಅಂಗಡಿಗಳೇ ಮುಚ್ಚಿರುತ್ತವೆ.

ಹೋಗುವುದು ಹೇಗೆ?

ಮೊದಲು ಹನೋಯ್. ಅಲ್ಲಿಂದ ವಿಮಾನದಲ್ಲಿ ಒಂದು ಗಂಟೆ. ನಿಲ್ದಾಣ ಇರುವುದು ಫ್ರೆಂಚರ ಹಳೇ ರನ್‌ವೇ ಜಾಗದಲ್ಲೇ. ಅದನ್ನು ದೊಡ್ಡದು ಮಾಡಿ 2023ರ ಡಿಸೆಂಬರಿನಲ್ಲಿ ಮತ್ತೆ ತೆರೆದಿದ್ದಾರೆ. ಮಂಜಿದ್ದರೆ ವಿಮಾನ ತಡವಾಗುತ್ತದೆ, ಅದೇ ದಿನ ಊರಿಗೆ ಮರಳುವ ಟಿಕೆಟ್ ಹಾಕಬೇಡಿ.

ಬಸ್ಸಾದರೆ 450 ಕಿ.ಮೀ.ಗೂ ಜಾಸ್ತಿ, ಹತ್ತು-ಹನ್ನೆರಡು ಗಂಟೆ. ನಾನು ಹೋಗುವಾಗ ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಹೋದೆ. ಅದು ನನ್ನ ತಪ್ಪು. ಮೈ ಮುದುಡಿತು, ಹೊಟ್ಟೆ ತೊಳಸಿತು, ಫಾ ದಿನ್ ಘಾಟಿ ಕತ್ತಲಲ್ಲಿ ಕಳೆದೇ ಹೋಯಿತು. 32 ಕಿ.ಮೀ. ಉದ್ದದ ಘಾಟಿ ಅದು. ಥಾಯ್ ಭಾಷೆಯಲ್ಲಿ ಹೆಸರಿನ ಅರ್ಥ "ಆಕಾಶ-ಭೂಮಿ". ಹಗಲು ಬಸ್ಸಿಗೇ ಹೋಗಿ.

ಬೈಕ್ ಬಾಡಿಗೆಗೆ ತೆಗೆದುಕೊಳ್ಳಬಹುದಾ?

ಲೈಸೆನ್ಸು ಕೇಳದೇ ಕೊಡುತ್ತಾರೆ, ತೊಂದರೆ ಅಲ್ಲೇ. ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ ಅಂತರರಾಷ್ಟ್ರೀಯ ಲೈಸೆನ್ಸು, ನಮ್ಮ ಆರ್‌ಟಿಒ ಕೊಡುವುದು 1949ರದ್ದು. ಬಿದ್ದರೆ ವಿಮೆಯವರು ಕೈ ಎತ್ತಬಹುದು. ಗಾಡಿ ಓಡುವುದೂ ಬಲಗಡೆ. ಡ್ರೈವರ್ ಇರುವ ಕಾರು ಅಥವಾ ಬೈಕ್ ಟ್ಯಾಕ್ಸಿ ಮೇಲು. ಊರೊಳಗೆ ಸೈಕಲ್ ಚೆನ್ನ, ಬಯಲು ಸಮತಟ್ಟಾಗಿದೆ.

ವೀಸಾ, ಪರ್ಮಿಟ್?

ಭಾರತೀಯರಿಗೆ ಇ-ವೀಸಾ ಸಿಗುತ್ತದೆ, ಗರಿಷ್ಠ 90 ದಿನ. ಒಂದೇ ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ಸರ್ಕಾರದ ಜಾಲತಾಣದಲ್ಲೇ ಮಾಡಿ, ಅದರ ಹಾಗೆ ಕಾಣುವ ಖಾಸಗಿ ತಾಣಗಳು ದುಪ್ಪಟ್ಟು ಕೀಳುತ್ತವೆ. ಊರು, ಮುವಾಂಗ್ ಫಾಂಗ್‌ಗೆ ಪರ್ಮಿಟ್ ಬೇಡ. ಗಡಿಯಂಚಿನ ಜಾಗಕ್ಕೆ ಗಡಿ ಪೊಲೀಸರ ಅನುಮತಿ ಬೇಕು, ಉಳಿದುಕೊಂಡ ಮನೆಯವರ ಮೂಲಕ ಕೇಳಿದರೆ ಸುಲಭ. 2025ರ ಜುಲೈಯಿಂದ ವಿಯೆಟ್ನಾಂ ಜಿಲ್ಲೆ ಅನ್ನುವ ಹಂತವನ್ನೇ ತೆಗೆದುಹಾಕಿದೆ. ಹಳೇ ವಿಳಾಸ, ಹೊಸ ವಿಳಾಸ ಬೇರೆ ಬೇರೆ ಕಂಡರೆ ಗಾಬರಿ ಬೇಡ.

ಅ ಪಾ ಚಾಯ್‌ಗೆ ಹೋಗಬಹುದಾ?

ಚೀನಾ, ಲಾವೋಸ್, ವಿಯೆಟ್ನಾಂ ಸೇರುವ ಕಲ್ಲು ಅಲ್ಲಿದೆ, 1,860 ಮೀಟರಿಗೂ ಎತ್ತರದಲ್ಲಿ. ಒಂದು ಕೋಳಿ ಕೂಗಿದರೆ ಮೂರು ದೇಶಕ್ಕೆ ಕೇಳಿಸುತ್ತದೆ ಅಂತ ಅಲ್ಲಿನವರ ಮಾತು. ಊರಿನಿಂದ ಸುಮಾರು 250 ಕಿ.ಮೀ. ಬೆಟ್ಟದ ರಸ್ತೆ, ಪರ್ಮಿಟ್ ಕಡ್ಡಾಯ. ಮೂರು ದಿನ ಬೇಕು. ಕಲ್ಲು ಮುಟ್ಟಿ ಬರುವ ಆಸೆ ಅಷ್ಟಕ್ಕೇ ಆದರೆ ನಾನು ಬೇಡ ಅನ್ನುತ್ತೇನೆ. ಹಾ ನಿ ಜನರ ಹಳ್ಳಿಗಳನ್ನು ನೋಡುವ ಮನಸ್ಸಿದ್ದರೆ ಹೋಗಿ.

ಸಂತೆ ನೋಡಬೇಕು, ಯಾವ ವಾರ?

ತುವಾ ಚುವಾ ಕಡೆಯ ತಾ ಸಿನ್ ಥಾಂಗ್ ಸಂತೆ ಒಳ್ಳೆಯದು. ಹ್ಮಾಂಗ್ ಹೆಂಗಸರು ಕಸೂತಿ ಲಂಗ ತೊಟ್ಟು, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಬರುತ್ತಾರೆ. ಆದರೆ ಭಾನುವಾರ, ಸೋಮವಾರ ಅನ್ನುವ ಲೆಕ್ಕ ಇಲ್ಲ. ಹನ್ನೆರಡು ಪ್ರಾಣಿಗಳ ಪಂಚಾಂಗ ನೋಡಿ ಆರು ದಿನಕ್ಕೊಮ್ಮೆ ಕೂಡುತ್ತದೆ. ಹಾಗಾಗಿ ಪ್ರತಿ ಸಲ ವಾರದ ಲೆಕ್ಕದಲ್ಲಿ ಒಂದು ದಿನ ಹಿಂದಕ್ಕೆ ಸರಿಯುತ್ತದೆ: ಈ ಸಲ ಭಾನುವಾರ ಆದರೆ ಮುಂದಿನದು ಶನಿವಾರ. ಹೊರಡುವ ಮುನ್ನ ಅಲ್ಲಿನವರನ್ನೇ ಕೇಳಿ. ಕಾಡಿನ ಹಳೇ ಮರಗಳ ಶಾನ್ ತುಯೆತ್ ಚಹಾ ಅಲ್ಲಿಂದಲೇ ತನ್ನಿ.

ಅಲ್ಲಿಂದ ಲಾವೋಸ್ ದಾಟಬಹುದಾ?

ತಾಯ್ ಚಾಂಗ್ ಗೇಟು ಊರಿನಿಂದ ಸುಮಾರು 35 ಕಿ.ಮೀ. ಮುವಾಂಗ್ ಖುವಾಗೆ ಬಸ್ಸಿದೆ. ಲಾವೋಸ್ ವೀಸಾ ಮೊದಲೇ ಮಾಡಿಟ್ಟುಕೊಳ್ಳಿ. ವಿಯೆಟ್ನಾಂಗೆ ವಾಪಸ್ ಬರುವ ಯೋಚನೆ ಇದ್ದರೆ ಹಲವು ಪ್ರವೇಶದ ವೀಸಾವೇ ಬೇಕು.

ಯುದ್ಧದ ಜಾಗ, ಅಪಾಯ ಇಲ್ವಾ?

ಕಳ್ಳತನ, ಗಲಾಟೆ ಕಡಿಮೆ. ಸಿಡಿಯದ ಮದ್ದುಗುಂಡು ಇನ್ನೂ ಮಣ್ಣಿನಲ್ಲಿದೆ, ಹಾಗಾಗಿ ಕಾಲುದಾರಿ ಬಿಟ್ಟು ಗುಡ್ಡಕ್ಕೆ ನುಗ್ಗಬೇಡಿ, ಕಬ್ಬಿಣದ ಚೂರು ಕಂಡರೆ ಎತ್ತಬೇಡಿ. ಗಡಿ ಚೌಕಿಯ, ಸೈನಿಕರ ಫೋಟೊ ತೆಗೆಯಬೇಡಿ. ಬೆಟ್ಟದಲ್ಲಿ ವಿಯೆಟ್ಟೆಲ್ ಸಿಮ್ ಚೆನ್ನಾಗಿ ಹಿಡಿಯುತ್ತದೆ. ಅದು ಸೈನ್ಯದ್ದೇ ಕಂಪನಿ.

ಎಷ್ಟು ದಿನ ಸಾಕು?

ನಾಲ್ಕು. ಯುದ್ಧಕ್ಕೆ ಒಂದು ದಿನ, ಮುವಾಂಗ್ ಫಾಂಗ್‌ಗೆ ಒಂದು, ಹಳ್ಳಿಗೆ ಎರಡು. ಹೆಚ್ಚಿನವರು ಉಲ್ಟಾ ಮಾಡುತ್ತಾರೆ: ಎಲ್ಲ ಬಂಕರ್ ಸುತ್ತಿ ಸಂಜೆ ಬಸ್ಸು ಹತ್ತುತ್ತಾರೆ. ಬಯಲಿಗೆ ಯುದ್ಧ ಬಂದು ಹೋದದ್ದು 56 ದಿನ, ಅಲ್ಲಿ ಭತ್ತ ಬೆಳೆಯುತ್ತಿರುವುದು ನೂರಾರು ವರ್ಷ.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ವಿಮಾನದಲ್ಲಾದರೆ ಧಾರಾಳವಾಗಿ. ಎ1 ಗುಡ್ಡ ನಿಧಾನಕ್ಕೆ ಹತ್ತಬಹುದು, ಡಿ1ರ ಮೆಟ್ಟಿಲು ಜಾಸ್ತಿ. ಹಳ್ಳಿಮನೆಯಲ್ಲಿ ಒಂದೇ ಕಷ್ಟ: ಮಲಗುವುದು ಮೇಲೆ, ಶೌಚಾಲಯ ಕೆಳಗೆ. ರಾತ್ರಿ ಆ ಮರದ ಏಣಿ ಇಳಿಯಲು ಮೊಣಕಾಲು ಒಪ್ಪಬೇಕು. ಕೆಲವು ಮನೆಗಳಲ್ಲಿ ನೆಲಮಟ್ಟದ ಕೋಣೆಯೂ ಇರುತ್ತದೆ, ಮೊದಲೇ ಕೇಳಿ ಬುಕ್ ಮಾಡಿ. ಟಾರ್ಚ್ ಮರೆಯಬೇಡಿ.